ಮನೆಯಲ್ಲಿ ಕಟ್ಟಿದ ಆಪ್ಟಿಮಿಸ್ಟ್ ದೋಣಿ: ಗಾಳಿ ಜೋರಾದರೆ ಚುಕ್ಕಾಣಿ ಎಳೆಯುತ್ತದೆ

ಕುಂದಾಪುರ_ಹಾಯಿ:
ಮಗಳಿಗಾಗಿ ಮನೆಯ ಶೆಡ್‌ನಲ್ಲೇ ಆಪ್ಟಿಮಿಸ್ಟ್ ದೋಣಿ (ಮಕ್ಕಳು ಕಲಿಯುವ ಸಣ್ಣ ಹಾಯಿದೋಣಿ) ಕಟ್ಟಿದ್ದೇನೆ. 6 ಮಿ.ಮೀ. ಮರೀನ್ ಪ್ಲೈವುಡ್, ಕೂಡುಗಳಿಗೆ ಎಪಾಕ್ಸಿ ಅಂಟು. ಒಳಗೆ ಹನಿ ನೀರೂ ಬರುತ್ತಿಲ್ಲ. ಪಂಚಗಂಗಾವಳಿ ಹೊಳೆಯಲ್ಲಿ ಬೆಳಿಗ್ಗೆ ಸಣ್ಣ ಗಾಳಿಗೆ ಚೆನ್ನಾಗಿ ಹೋಗುತ್ತದೆ. ಮಧ್ಯಾಹ್ನ ಪಡುಗಾಳಿ ಎದ್ದಿತೋ, ಮೂತಿ ಗಾಳಿ ಬರುವ ಕಡೆಗೇ ತಿರುಗುತ್ತದೆ. ನೇರ ಇಡಲು ಚುಕ್ಕಾಣಿ ಹಿಡಿಯನ್ನು ಜಗ್ಗಿ ಹಿಡಿಯಬೇಕು. ಮಗಳ ಕೈ ಸೋತು ಹೋಗುತ್ತದೆ. ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ಕೂರುವ ಪೆಟ್ಟಿಗೆ ಕಿತ್ತು ಹಿಂದಕ್ಕೆ ಕೂರಿಸೋಣ ಅಂತಿದ್ದೇನೆ. ಎಷ್ಟು ಇಂಚು ಸರಿಸಬೇಕು?

ಉಳಿ_ಸುತ್ತಿಗೆ:
ಗರಗಸ ಸದ್ಯ ಕೆಳಗಿಡಿ ಮಾರಾಯ್ರೆ! ಆಪ್ಟಿಮಿಸ್ಟ್ ನಕ್ಷೆ 1947ರದು. ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆ ಅಂತಲೇ ಮಾಡಿದ್ದು. ಇವತ್ತಿಗೂ ಲೋಕದ ತುಂಬ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಪೆಟ್ಟಿಗೆ ನಕ್ಷೆಯ ಜಾಗದಲ್ಲೇ ಇದ್ದರೆ ತಂಟೆ ಅಲ್ಲಿಲ್ಲ. ಜಾಗ ತಪ್ಪಿದ್ದರೆ ಸಣ್ಣ ಗಾಳಿಗೂ ಎಳೆಯಬೇಕಿತ್ತು, ಅಲ್ವಾ?

ಮೂರು ವಿಷಯ ಹೇಳಿ. ದೋಣಿಯನ್ನು ಸಮ ನಿಲ್ಲಿಸಿ, ಕಂಬದ ತುದಿಯಿಂದ ಗಾರೆಯವರ ತೂಗುಗುಂಡು ಬಿಟ್ಟರೆ ದಾರ ಎಲ್ಲಿ ನಿಲ್ಲುತ್ತದೆ? ಹಾಯಿಯಲ್ಲಿ ನೆರಿಗೆ ಬೀಳುತ್ತದಾ, ಯಾವ ಮೂಲೆಯಿಂದ ಯಾವ ಮೂಲೆಗೆ? ಚುಕ್ಕಾಣಿಯ ಹಲಗೆ ಒಂದೇ ತುಂಡಾ, ಮಡಚುವುದಾ?

ಕುಂದಾಪುರ_ಹಾಯಿ:
ಪೆಟ್ಟಿಗೆ ನಕ್ಷೆಯಂತೆಯೇ ಇದೆ. ಕಂಬ ಕೂಡ ನಕ್ಷೆ ಹೇಳಿದಷ್ಟೇ ವಾಲಿದೆ. ಹಾಯಿಯಲ್ಲಿ ಕಂಬದ ಮೇಲಿನ ಮೂಲೆಯಿಂದ ಹಿಂದಿನ ಕೆಳಮೂಲೆಗೆ ಒಂದು ನೆರಿಗೆ ಇದೆ. ಚುಕ್ಕಾಣಿ ಮಡಚುವುದು. ಇಲ್ಲಿ ಮರಳು ದಿಬ್ಬ ಜಾಸ್ತಿ, ಅದಕ್ಕೇ ನಕ್ಷೆ ಬಿಟ್ಟು ಹಾಗೆ ಮಾಡಿದೆ. ಕೆಳಗೆ ನಿಲ್ಲಲು ಸೈಕಲ್ ಟ್ಯೂಬಿನ ತುಂಡು ಬಿಗಿದಿದ್ದೇನೆ.

ಉಳಿ_ಸುತ್ತಿಗೆ:
ಆ ಟ್ಯೂಬೇ ಕಳ್ಳ. ಸಣ್ಣ ಗಾಳಿಗೆ ಅದು ಹಲಗೆಯನ್ನು ನೆಟ್ಟಗೆ ಹಿಡಿದಿರುತ್ತದೆ. ವೇಗ ಬಂದಾಗ ನೀರು ತಳ್ಳುತ್ತದೆ, ರಬ್ಬರ್ ಹಿಗ್ಗುತ್ತದೆ, ಹಲಗೆ ಹಿಂದಕ್ಕೆ ಏಳುತ್ತದೆ. ಆಗ ನೀರಿನ ಒತ್ತಡ ಕೀಲಿನಿಂದ ದೂರ ಬೀಳುತ್ತದೆ. ದೂರ ಹೋದಷ್ಟೂ ಕೈಗೆ ಭಾರ. ದೋಣಿ ಎಳೆಯುವುದು ಸ್ವಲ್ಪವೇ ಇದ್ದರೂ ಮಗುವಿನ ಕೈಗೆ ಅದು ಹತ್ತರಷ್ಟು ಅನಿಸುತ್ತದೆ. ಒಮ್ಮೆ ನೀವೇ ಹಿಂದೆ ಬಗ್ಗಿ ನೋಡಿ, ಹಲಗೆಯ ತುದಿ ಮೇಲೆದ್ದು ನೊರೆ ಎಬ್ಬಿಸುತ್ತಿರುತ್ತದೆ.

ಆ ನೆರಿಗೆಗೆ ಸ್ಪ್ರಿಟ್ ಕೋಲು (ಕಂಬದಿಂದ ಓರೆಯಾಗಿ ಹೋಗಿ ಹಾಯಿಯ ತುತ್ತತುದಿಯನ್ನು ಎತ್ತಿ ಹಿಡಿಯುವುದು) ಸಡಿಲ ಇರುವುದು ಕಾರಣ. ಹಗ್ಗ ಎಳೆದು ಬಿಗಿ ಮಾಡಿ. ಜಾಸ್ತಿ ಬಿಗಿದರೆ ನೆರಿಗೆ ಇನ್ನೊಂದು ಓರೆಗೆ, ಹಾಯಿಯ ತುತ್ತತುದಿಯಿಂದ ಕಂಬದ ಬುಡಕ್ಕೆ ಬೀಳುತ್ತದೆ. ಎರಡೂ ಇಲ್ಲದ ಜಾಗದಲ್ಲಿ ನಿಲ್ಲಿಸಿ.

ಗಂಗೊಳ್ಳಿ_ಗಾಳಿ:
ಟ್ಯೂಬ್ ಬದಲು ಬಿದಿರಿನ ತೆಳು ಕಡ್ಡಿ ಹಾಕಿ. ಹಲಗೆ, ಅದರ ಕವಚ ಎರಡಕ್ಕೂ ಸೇರಿ ತೂತು ಕೊರೆದು ಕಡ್ಡಿ ತೂರಿಸಿದರೆ ಅಲ್ಲಾಡುವುದಿಲ್ಲ. ಮರಳಿಗೆ ಬಡಿದರೆ ಕಡ್ಡಿ ಮುರಿಯುತ್ತದೆ, ಹಲಗೆ ಉಳಿಯುತ್ತದೆ. ನಾಲ್ಕು ಕಡ್ಡಿ ಜೇಬಲ್ಲಿರಲಿ. ಒಂದು ಮಾತು: ಪ್ಲೈವುಡ್‌ಗೆ ಸುಮ್ನೆ ತೂತು ಕೊರೆದು ಬಿಡಬೇಡಿ. ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಹಾಕಿ. ಇಲ್ಲವಾದರೆ ಪದರಗಳ ಅಂಚಿನಿಂದ ನೀರು ಕುಡಿದು ಮುಂದಿನ ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ.

ಕುಂದಾಪುರ_ಹಾಯಿ:
ಕಡ್ಡಿ ಹಾಕಿಯಾಯ್ತು, ಸ್ಪ್ರಿಟ್ ಬಿಗಿಯಾಯ್ತು. ನಿನ್ನೆ ಪಡುಗಾಳಿಯಲ್ಲೇ ಮಗಳು ಎರಡು ಬೆರಳಲ್ಲಿ ಹಿಡಿ ಹಿಡಿದು ಹೋದಳು. ದೊಡ್ಡ ಗಾಳಿ ಬೀಸಿ ದೋಣಿ ವಾಲಿದಾಗ ಮಾತ್ರ ಇನ್ನೂ ಸ್ವಲ್ಪ ಎಳೆಯುತ್ತದೆ. ಕೈ ಬಿಟ್ಟರೆ ಮೆಲ್ಲ ಗಾಳಿಯ ಕಡೆ ತಿರುಗಿ ನಿಲ್ಲುತ್ತದೆ. ಇದಕ್ಕೂ ಏನಾದರೂ ಮಾಡಬೇಕಾ?

ಉಳಿ_ಸುತ್ತಿಗೆ:
ಅಷ್ಟು ಇರಲೇಬೇಕು. ಮಗಳು ನೀರಿಗೆ ಬಿದ್ದರೆ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಅವಳನ್ನು ಬಿಟ್ಟು ಓಡುವುದಿಲ್ಲ. ವಾಲಿದಾಗ ಹಾಯಿಯ ಹಗ್ಗ ಸಡಿಲ ಬಿಟ್ಟು, ಗಾಳಿ ಬರುವ ಬದಿಯ ಅಂಚಿನಲ್ಲಿ ಕೂರಲು ಹೇಳಿ. ಪೆಟ್ಟಿಗೆ ಮುಟ್ಟಬೇಡಿ.