ಸ್ಯಾನ್ ವಾನ್ ದ್ವೀಪಗಳಲ್ಲಿ ತಂದೆತಾಯಿಯೊಡನೆ ಹಾಯಿದೋಣಿಯ ಮೇಲೆ ಒಂದು ವಾರ: ಸಲಹೆ ಬೇಕಾಗಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಶಿವಮೊಗ್ಗದಿಂದ ನನ್ನ ತಂದೆತಾಯಿ ನಾವಿರುವ ಸಿಯಾಟಲ್‌ಗೆ ಬರುತ್ತಿದ್ದಾರೆ. ಅನಕೋರ್ಟಿಸ್‌ನ ಮರೀನಾದಲ್ಲಿ (ದೋಣಿಗಳ ತಂಗುದಾಣ) ನಮ್ಮದೊಂದು 34 ಅಡಿಯ ಹಾಯಿದೋಣಿಯಿದ್ದು, ಜುಲೈನಲ್ಲಿ ಒಂದು ವಾರ ಅವರನ್ನು ಅದರಲ್ಲಿಯೇ ಇರಿಸಿಕೊಂಡು ಸ್ಯಾನ್ ವಾನ್ ದ್ವೀಪಗಳನ್ನು ಸುತ್ತಿಸಬೇಕೆಂಬುದು ನನ್ನ ಮತ್ತು ನನ್ನ ಪತ್ನಿಯ ಆಸೆ. ತಂದೆಗೆ 72 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಪ್ರಾಸ್ಟೇಟ್ ತೊಂದರೆಯಿಂದಾಗಿ ರಾತ್ರಿ ಪದೇ ಪದೇ ಏಳುತ್ತಾರೆ. ತಾಯಿಗೆ ಮಂಡಿನೋವು. ಈಜು ಇಬ್ಬರಿಗೂ ಬಾರದು. ಸಿಗಂದೂರಿಗೆ ಹೋಗುವಾಗ ಹತ್ತಿದ ಲಾಂಚನ್ನು ಬಿಟ್ಟರೆ ನೀರಿನ ಮೇಲಿನ ಅನುಭವವೂ ಇಲ್ಲ. ಮೊದಲ ದಿನ ಫ್ರೈಡೇ ಹಾರ್ಬರ್, ಅನಂತರ ಸ್ಟೂವರ್ಟ್ ದ್ವೀಪ, ಸೂಶಿಯಾ, ಸಾಧ್ಯವಾದರೆ ಕೆನಡಾದ ಸಿಡ್ನಿ ಎಂದು ಯೋಚಿಸಿದ್ದೇವೆ. ಹಿರಿಯರನ್ನು ಹೀಗೆ ಕರೆದೊಯ್ದವರು ಯಾವುದನ್ನು ಮೊದಲು ಗಮನಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಪಟ್ಟಿಯಿಂದ ಸಿಡ್ನಿಯನ್ನು ಈಗಲೇ ತೆಗೆದುಬಿಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಪ್ರತ್ಯೇಕವಾಗಿ ಬೇಕು, ಮರಳಿ ಬರುವಾಗ ಅಮೆರಿಕದ ಗಡಿ ತಪಾಸಣೆ ಮತ್ತೊಮ್ಮೆ ಆಗಬೇಕು. ಒಂದು ಮಧ್ಯಾಹ್ನದ ತಿರುಗಾಟಕ್ಕೆ ಇಷ್ಟು ತಾಪತ್ರಯ ಬೇಡ.

ಎರಡನೆಯದಾಗಿ, ಮೊದಲ ದಿನವೇ ಅವರನ್ನು ರೊಸಾರಿಯೋ ಜಲಸಂಧಿಯನ್ನು ದಾಟಿಸಬೇಕಾದ ಅಗತ್ಯವಿಲ್ಲ. ಅಲ್ಲಿ ಉಬ್ಬರವಿಳಿತದ ಸೆಳೆತ ಬಲವಾಗಿದ್ದು, ಗಾಳಿ ಅದಕ್ಕೆ ಎದುರಾಗಿ ಬೀಸಿದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ದೋಣಿಗೆ ಅದರಿಂದ ಅಪಾಯವೇನೂ ಇಲ್ಲದಿದ್ದರೂ ಹೊಸಬರ ಹೊಟ್ಟೆ ಅಲ್ಲಿಯೇ ಕೆಡುತ್ತದೆ. ನೀವೊಬ್ಬರೇ ಅಥವಾ ಸ್ನೇಹಿತರೊಬ್ಬರ ಜೊತೆಗೂಡಿ ದೋಣಿಯನ್ನು ಫ್ರೈಡೇ ಹಾರ್ಬರ್‌ಗೆ ಒಯ್ಯಿರಿ. ನಿಮ್ಮ ಪತ್ನಿಯವರು ಅತ್ತೆಮಾವನನ್ನು ಅನಕೋರ್ಟಿಸ್‌ನಿಂದ ವಾಷಿಂಗ್ಟನ್ ರಾಜ್ಯದ ಫೆರಿಯಲ್ಲಿ ಕರೆತರಲಿ. ಕಾರಿಲ್ಲದೆ ನಡೆದು ಹತ್ತುವವರಿಗೆ ಮುಂಗಡ ಕಾದಿರಿಸುವಿಕೆ ಬೇಕಿಲ್ಲ, ಫೆರಿ ನಿಲ್ಲುವ ಕಟ್ಟೆಯ ಪಕ್ಕದಲ್ಲಿಯೇ ಮರೀನಾ ಇದೆ.

ಮೂರನೆಯದು, ಬಹಳ ಜನರು ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿ. ಈ ಭಾಗದಲ್ಲಿ ಬೇಸಿಗೆಯ ಅತಿ ದೊಡ್ಡ ಇಳಿತಗಳು ನಡುಹಗಲಿನ ಆಸುಪಾಸಿನಲ್ಲಿ ಬರುತ್ತವೆ, ಚಳಿಗಾಲದಲ್ಲಿ ನಡುರಾತ್ರಿಯ ಸುಮಾರಿಗೆ. ತೇಲುವ ಜೆಟ್ಟಿಯಿಂದ ದಡಕ್ಕೆ ಏರುವ ಸೇತುವೆಯು ಉಬ್ಬರದಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ದೊಡ್ಡ ಇಳಿತದಲ್ಲಿ ಅದೇ ಸೇತುವೆ ಏಣಿಯಂತೆ ನಿಂತಿರುತ್ತದೆ. ನಿಮ್ಮ ತಾಯಿಯವರ ಮಂಡಿಗೆ ಇದೇ ದೊಡ್ಡ ಪರೀಕ್ಷೆ. ಆದ್ದರಿಂದ ದಡಕ್ಕೆ ಹೋಗಿಬರುವ ಸಮಯವನ್ನು ಉಬ್ಬರವಿಳಿತದ ಕೋಷ್ಟಕ ನೋಡಿಯೇ ನಿಗದಿ ಮಾಡಿ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ ನೀರಿನ ಏರಿಳಿತ ಸಾಮಾನ್ಯವಾಗಿ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ ಎಂಬುದನ್ನು ನಿಮ್ಮ ತಂದೆಯವರು ಪಂಚಾಂಗ ನೋಡಿ ಮೊದಲೇ ಹೇಳಬಲ್ಲರು.

ತಂಗುವುದಕ್ಕೆ ಜೆಟ್ಟಿ ಇರುವ ಜಾಗಗಳನ್ನೇ ಆರಿಸಿಕೊಳ್ಳಿ: ರೋಶ್ ಹಾರ್ಬರ್, ಸ್ಟೂವರ್ಟ್‌ನ ರೀಡ್ ಅಥವಾ ಪ್ರಿವೋಸ್ಟ್ ಕೊಲ್ಲಿ, ಸೂಶಿಯಾದ ಫಾಸಿಲ್ ಬೇ. ಸ್ಪೆನ್ಸರ್ ಸ್ಪಿಟ್ ಸುಂದರವಾಗಿದ್ದರೂ ಅಲ್ಲಿ ದೋಣಿ ಕಟ್ಟಲು ದಡದಿಂದಾಚೆ ನೀರಿನಲ್ಲಿ ತೇಲುವ ಬೂಯ್‌ಗಳು ಮಾತ್ರ ಇವೆ. ಅಲುಗಾಡುವ ಡಿಂಗಿಗೆ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಇಳಿದು, ಕಲ್ಲುಹರಳಿನ ದಡದಲ್ಲಿ ಕಾಲು ನೆನೆಸಿಕೊಂಡು ಹತ್ತುವ ಕಷ್ಟವನ್ನು ಈ ವಯಸ್ಸಿನವರಿಗೆ ಕೊಡಬಾರದೆಂಬುದು ನನ್ನ ಅಭಿಪ್ರಾಯ. ತಿಮಿಂಗಿಲ ನೋಡುವ ಆಸೆಯಿದ್ದರೆ ಸ್ಯಾನ್ ವಾನ್ ದ್ವೀಪದ ಪಶ್ಚಿಮ ದಡದಲ್ಲಿರುವ ಲೈಮ್ ಕಿಲ್ನ್ ಪಾಯಿಂಟ್‌ಗೆ ಟ್ಯಾಕ್ಸಿಯಲ್ಲಿ ಹೋಗಿ ಬಂಡೆಯ ಮೇಲೆ ಕುಳಿತು ನೋಡಬಹುದು. 2025ರಿಂದೀಚೆಗೆ ಇಲ್ಲಿನ ‘ದಕ್ಷಿಣದ’ ಗುಂಪೆಂದು ಕರೆಯುವ ಓರ್ಕಾ ತಿಮಿಂಗಿಲಗಳಿಂದ ದೋಣಿಗಳು 1000 ಗಜ ದೂರವಿರಬೇಕೆಂಬ ಕಾನೂನು ಇರುವುದರಿಂದ, ಅವುಗಳನ್ನು ದಡದಿಂದ ನೋಡುವುದೇ ಲೇಸು.

ಉತ್ತರ 2

ನಾನು ವೈದ್ಯೆ, ಔಷಧಿಯ ವಿಷಯವನ್ನಷ್ಟೇ ಹೇಳುತ್ತೇನೆ. ಸಮುದ್ರದ ವಾಂತಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಮಾತ್ರೆಗಳು ಪ್ರಾಸ್ಟೇಟ್ ಊದಿಕೊಂಡಿರುವವರಲ್ಲಿ ಮೂತ್ರ ಕಟ್ಟುವಂತೆ ಮಾಡಬಹುದು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯಿಂದ ಇದರ ಜೊತೆಗೆ ವಯಸ್ಸಾದವರಿಗೆ ಮನಸ್ಸು ಗಲಿಬಿಲಿಗೊಳ್ಳುವುದೂ ಉಂಟು. ತಂದೆಯವರು ಊರಿನಿಂದ ಹೊರಡುವ ಮುನ್ನವೇ ತಮ್ಮ ವೈದ್ಯರನ್ನು ಕೇಳಿಕೊಂಡು ಬರಲಿ, ಬೇರೆಯವರು ಕೊಟ್ಟ ಮಾತ್ರೆಯನ್ನು ನುಂಗದಿರಲಿ. ಶುಂಠಿ, ತಂಪಾದ ಗಾಳಿ, ದಿಗಂತದ ಮೇಲೆ ನೋಟ ಇವುಗಳಿಂದ ಸಣ್ಣಪುಟ್ಟ ತಳಮಳ ಶಮನವಾಗುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನು ಯಾವ ಹೊತ್ತಿಗೆ ನುಂಗಬೇಕೆಂಬುದನ್ನೂ ಕೇಳಲಿ. ಇಲ್ಲಿನ ನೀರು ಬೇಸಿಗೆಯಲ್ಲಿಯೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಮೇಲೇರುವುದಿಲ್ಲ; ಆದ್ದರಿಂದ ಡೆಕ್ ಮೇಲೆ ಇರುವಷ್ಟು ಹೊತ್ತೂ, ಜೆಟ್ಟಿಯ ಮೇಲೆ ನಡೆಯುವಾಗಲೂ ಇಬ್ಬರೂ ಲೈಫ್ ಜಾಕೆಟ್ ಧರಿಸಿರಬೇಕು.

ಉತ್ತರ 3

ಮೇಲಿನವರು ಹೇಳಿದ್ದೆಲ್ಲ ಸರಿಯೇ, ಆದರೆ ವಾರ ಕೆಡುವುದು ಸಮುದ್ರದಿಂದಲ್ಲ, ಶೌಚಾಲಯದಿಂದ. ನನ್ನ ಅತ್ತೆಮಾವ ನಮ್ಮ ದೋಣಿಯಲ್ಲಿ ಉಳಿದಾಗ ನಾನು ಕಂಡದ್ದನ್ನೇ ಬರೆಯುತ್ತಿದ್ದೇನೆ. ಕೈಪಂಪಿನ ಶೌಚಾಲಯವನ್ನು ಬಳಸುವ ಬಗೆಯನ್ನು ದೋಣಿ ಜೆಟ್ಟಿಯಲ್ಲಿ ಕಟ್ಟಿರುವಾಗಲೇ ನಿಮ್ಮ ತಂದೆಗೆ ನೀವು, ತಾಯಿಗೆ ನಿಮ್ಮ ಪತ್ನಿ ತೋರಿಸಿಕೊಡಿ. ಮಗನಾದ ನೀವು ತಾಯಿಗೆ ವಿವರಿಸಲು ಹೋದರೆ ಅವರು ಸಂಕೋಚದಿಂದ ನೀರು ಕುಡಿಯುವುದನ್ನೇ ಬಿಟ್ಟಾರು. ನಮ್ಮವರು ನೀರು ಬಳಸುವವರಾದ್ದರಿಂದ ಒಂದು ಸಣ್ಣ ಚೊಂಬನ್ನೋ ಅದುಮುವ ಬಾಟಲಿಯನ್ನೋ ಇಟ್ಟಿರಿ, ಮತ್ತು ಮಲಮೂತ್ರ ಶೇಖರವಾಗುವ ಹೋಲ್ಡಿಂಗ್ ಟ್ಯಾಂಕ್ ನೀವು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆಂದು ತಿಳಿದಿರಿ. 2018ರ ಮೇ ತಿಂಗಳಿನಿಂದ ಪ್ಯೂಜೆಟ್ ಸೌಂಡ್ ಮತ್ತು ಈ ದ್ವೀಪಗಳ ಸುತ್ತಲಿನ ನೀರಿಗೆ ಸಂಸ್ಕರಿಸಿದ ಮಲಮೂತ್ರವನ್ನೂ ಬಿಡುವಂತಿಲ್ಲ. ಹಾಗಾಗಿ ಪಂಪ್-ಔಟ್, ಅಂದರೆ ಆ ಟ್ಯಾಂಕನ್ನು ಖಾಲಿ ಮಾಡಿಸುವ ಸೌಕರ್ಯವಿರುವ ಮರೀನಾಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ಪ್ರಯಾಣದ ದಾರಿಯನ್ನು ಆಮೇಲೆ ಎಳೆಯಿರಿ. ಸ್ನಾನಕ್ಕೂ ಮರೀನಾದ ಶವರ್ ಇರುವ ದಿನಗಳೇ ಒಳ್ಳೆಯವು.

ಮಲಗುವ ವ್ಯವಸ್ಥೆಯಲ್ಲಿ, ದೊಡ್ಡ ಹಾಸಿಗೆಯನ್ನು ಹಿರಿಯರಿಗೆ ಬಿಟ್ಟುಕೊಡಬೇಕೆಂಬ ಮರ್ಯಾದೆಯನ್ನು ಸ್ವಲ್ಪ ಬದಿಗಿಡಿ. ದೋಣಿಯ ಮೂತಿಯಲ್ಲಿರುವ ತ್ರಿಕೋನಾಕಾರದ ಹಾಸಿಗೆಯಿಂದ ರಾತ್ರಿ ಒಬ್ಬರನ್ನೊಬ್ಬರು ದಾಟಿ ಇಳಿಯುವುದು ಕಷ್ಟ. ತಂದೆಯವರಿಗೆ ಶೌಚಾಲಯಕ್ಕೆ ಹತ್ತಿರದ, ಕಾಲು ನೆಲಕ್ಕೆ ತಾಗುವ ಬೆಂಚಿನ ಹಾಸಿಗೆಯೇ ಅನುಕೂಲ. ತಾಯಿಯವರು ಸೀರೆಯ ಬದಲು ಚೂಡಿದಾರ್ ತಂದರೆ ಲೈಫ್ ಜಾಕೆಟ್‌ನ ಕಾಲುಪಟ್ಟಿ ಕಟ್ಟಬಹುದು. ಮಂಕಿ ಟೋಪಿಯನ್ನೂ ಮರೆಯದೆ ತರಲಿ, ಯಾರೂ ನಗುವುದಿಲ್ಲ.

ಇನ್ನು, ಏಳು ರಾತ್ರಿ ಬೇಡ. ನಾಲ್ಕು ರಾತ್ರಿ ದೋಣಿಯಲ್ಲಿದ್ದು, ಉಳಿದ ದಿನಗಳಿಗೆ ದ್ವೀಪದಲ್ಲೊಂದು ಮನೆ ಹಿಡಿಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಫೆರಿಯ ಸಲಹೆಯನ್ನೂ ನಾಲ್ಕು ರಾತ್ರಿಯ ಮಿತಿಯನ್ನೂ ಒಪ್ಪಿಕೊಂಡಿದ್ದೇವೆ, ಸೂಶಿಯಾವನ್ನು ಕೈಬಿಟ್ಟಿದ್ದೇವೆ. ಕೊನೆಯದಾಗಿ ಒಂದು ಮಾತು: ಕುಕ್ಕರ್ ತೆಗೆದುಕೊಂಡು ಹೋಗಬಹುದೇ? ಅನ್ನ ಸಾರು ಇಲ್ಲದಿದ್ದರೆ ತಾಯಿಗೆ ಊಟವೇ ಆದಂತಲ್ಲ.

ಉತ್ತರ 3 ಬರೆದವರಿಂದ

ಧಾರಾಳವಾಗಿ ಒಯ್ಯಿರಿ, ಅದರಿಂದ ಗ್ಯಾಸ್ ಮತ್ತು ನೀರು ಎರಡೂ ಉಳಿಯುತ್ತವೆ. ಎರಡು ಲೀಟರಿನದು ಸಾಕು, ಒಲೆಯ ಮೇಲೆ ಪಾತ್ರೆಯನ್ನು ಹಿಡಿದಿಡುವ ಕಂಬಿಗಳ ನಡುವೆ ಅದು ಗಟ್ಟಿಯಾಗಿ ಕೂರಬೇಕು. ದೋಣಿ ಸಾಗುತ್ತಿರುವಾಗ ಮಾತ್ರ ಹಚ್ಚಬೇಡಿ. ಮಧ್ಯಾಹ್ನದ ಬುತ್ತಿಗೆ ಬೆಳಿಗ್ಗೆಯೇ ಚಿತ್ರಾನ್ನವನ್ನೋ ಮೊಸರನ್ನವನ್ನೋ ಕಲಸಿಟ್ಟುಕೊಳ್ಳಿ.