ಕಿಡ್ನಿ ವೈಫಲ್ಯದಿಂದ ಚೇತರಿಸಿಕೊಂಡು ಮನೆಗೆ ಹೋದವರ ಮೇಲೆ ಫೋನಿನಲ್ಲೇ ನಿಗಾ ಇಡುವುದು ಹೇಗೆ?

ವಾರ್ಡ್ ಸಿಸ್ಟರ್, ತಾಲ್ಲೂಕು ಆಸ್ಪತ್ರೆ:
ಇಲಿಜ್ವರ, ಹಾವಿನ ಕಡಿತ, ಜೋರು ವಾಂತಿ-ಭೇದಿಯಿಂದ ಕಿಡ್ನಿ ಕೈಕೊಟ್ಟು ಚೇತರಿಸಿಕೊಂಡವರು ಒಮ್ಮೆ ಮನೆ ಸೇರಿದರೆ ತಿರುಗಿ ಬರುವುದು ಕಡಿಮೆ. ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಇರುವುದು ಜಿಲ್ಲಾ ಕೇಂದ್ರದಲ್ಲಿ. ವಾಟ್ಸಾಪ್ ಮತ್ತು ಒಂದು ಶೀಟ್ ಇಟ್ಟುಕೊಂಡು ಶುರು ಮಾಡುತ್ತಿದ್ದೇವೆ. ಯಾವಾಗ ಏನು ಕೇಳಬೇಕು? ಯಾವ ಅಂಕಿ ಕಂಡರೆ ಕಾಯದೆ ಕರೆಸಬೇಕು?

ನೆಫ್ರಾಲಜಿ ವಿಭಾಗ:
ಸಿಸ್ಟರ್, ಡಿಸ್ಚಾರ್ಜ್ ಕಾರ್ಡ್ ಬರೆಯುವಾಗಲೇ ಶೀಟಿಗೆ ಮೂರು ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) ಅಂಕಿ ಹಾಕಿ: ಕಾಯಿಲೆಗೆ ಮುಂಚಿನದು (ಹಳೇ ರಿಪೋರ್ಟ್ ಸಿಕ್ಕರೆ), ಅತಿ ಹೆಚ್ಚು ಏರಿದ್ದು, ಮನೆಗೆ ಹೋದ ದಿನದ್ದು. ಕೊನೆಯದು ಇಲ್ಲದಿದ್ದರೆ ಮುಂದೆ ಬರುವ 1.6 ಮಿಗ್ರಾಂ/ಡೆಸಿಲೀಟರ್ ಏರಿದ್ದೋ ಇಳಿದದ್ದೋ ತಿಳಿಯುವುದಿಲ್ಲ. ಡಯಾಲಿಸಿಸ್ ಆದವರಿಗೆ, ಅಂಕಿ ಇನ್ನೂ ಪೂರ್ತಿ ಇಳಿಯದವರಿಗೆ ಮನೆಗೆ ಹೋದ ಒಂದು ವಾರಕ್ಕೇ ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ. ಮೂರು ತಿಂಗಳಿನ ಪರೀಕ್ಷೆಯನ್ನು ಯಾರಿಗೂ ತಪ್ಪಿಸಬೇಡಿ. ಕೆಡಿಗೋ (KDIGO) ಎಂಬ ಅಂತಾರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2012ರ ಮಾರ್ಗಸೂಚಿಯಲ್ಲೂ ಅದಿದೆ. ಆಗ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಎಂದು ತೋರಿಸುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವೂ ಬೇಕು. ಕ್ರಿಯಾಟಿನಿನ್ ಸರಿಯಿದ್ದೂ ಇದು 30 ಮಿಗ್ರಾಂ/ಗ್ರಾಂ ದಾಟಿದ್ದರೆ ನಮ್ಮಲ್ಲಿಗೆ ಕಳಿಸಿ.

ಪೊಟ್ಯಾಸಿಯಂ ಲೀಟರಿಗೆ 6 ಮಿಲಿಮೋಲ್ ಮುಟ್ಟಿದರೆ ಅಂದೇ ಕರೆಸಿ ಇಸಿಜಿ ಮಾಡಿಸಿ. ಕ್ರಿಯಾಟಿನಿನ್ ಡಿಸ್ಚಾರ್ಜ್ ದಿನದ ಒಂದೂವರೆ ಪಟ್ಟಾದರೂ ಅಂದೇ. ದಿನಕ್ಕೆ 400 ಮಿಲಿಗಿಂತ ಕಡಿಮೆ ಮೂತ್ರ, ಉಬ್ಬಸ, ಎರಡು-ಮೂರು ದಿನದಲ್ಲಿ 2 ಕೆಜಿ ತೂಕ ಏರಿಕೆ ಇದ್ದರೆ ರಿಪೋರ್ಟಿಗೂ ಕಾಯಬೇಡಿ. ಮೂತ್ರ ಅಳೆಯಲು ಒಂದು ಲೀಟರಿನ ಹಳೇ ನೀರಿನ ಬಾಟಲಿಗೆ ಗೆರೆ ಎಳೆದುಕೊಟ್ಟರೆ ಸಾಕು.

ಲ್ಯಾಬ್ ಟೆಕ್ನಿಷಿಯನ್:
ಸ್ಯಾಂಪಲ್ ಗಂಟೆಗಟ್ಟಲೆ ಕೂತರೆ ರಕ್ತಕಣಗಳಿಂದ ಪೊಟ್ಯಾಸಿಯಂ ಸೋರಿ ಅಂಕಿ ಸುಳ್ಳೇ ಏರುತ್ತದೆ. ಹಾಗಂತ ಬಿಟ್ಟುಬಿಡುವಂತಿಲ್ಲ, ಕರೆಸಿಯೇ ಮತ್ತೆ ನೋಡಬೇಕು. ಪ್ರತಿ ಸಲ ಒಂದೇ ಲ್ಯಾಬ್ ಇರಲಿ. ಫೋಟೊದಲ್ಲಿ ಹೆಸರು, ತಾರೀಖು ಕಾಣಲೇಬೇಕು. ಬರೀ ಅಂಕಿಯ ಫೋಟೊ ಯಾರದ್ದೆಂದು ಹೇಳಲಾಗದು. ಇನ್ನೊಂದು, ಬಹಳ ದಿನ ಮಲಗಿ ಸೊರಗಿದವರಲ್ಲಿ ಮಾಂಸಖಂಡ ಕರಗಿರುವುದರಿಂದ ಕ್ರಿಯಾಟಿನಿನ್ ಚೆನ್ನಾಗಿದೆ ಅನ್ನಿಸಿ ಮೋಸವಾಗುತ್ತದೆ.

ಫಾರ್ಮಸಿಸ್ಟ್:
"ನೋವಿನ ಮಾತ್ರೆ ತಗೊಂಡ್ರಾ?" ಅಂದರೆ ಇಲ್ಲ ಅಂತಾರೆ. "ಮೈಕೈ ನೋವಿಗೆ ಅಂಗಡೀಲಿ ಏನು ಕೊಟ್ರು, ಸ್ಟ್ರಿಪ್ ಫೋಟೊ ಕಳಿಸಿ" ಅನ್ನಿ. ಜ್ವರದ ಮಾತ್ರೆ ಅಂದುಕೊಂಡದ್ದರಲ್ಲಿ ಪ್ಯಾರಸಿಟಮಾಲ್ ಜೊತೆ ಅಸಿಕ್ಲೋಫಿನಾಕ್ ಎಂಬ, ಕಿಡ್ನಿಗೆ ಹಾನಿ ಮಾಡಬಲ್ಲ ನೋವಿನ ಔಷಧಿ ಇರುತ್ತದೆ. ವಾಂತಿ-ಭೇದಿ ಶುರುವಾದರೆ ಬಿಪಿಯ ಟೆಲ್ಮಿಸಾರ್ಟನ್, ನೀರು ಹೋಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ನಿಲ್ಲಿಸಿ ಅಂದೇ ಫೋನ್ ಮಾಡಲು ಡಾಕ್ಟರಿಂದ ಮೊದಲೇ ಬರೆಸಿಕೊಡಿ. ಮತ್ತೆ ಶುರು ಮಾಡುವ ತಾರೀಖು ಶೀಟಿನಲ್ಲಿರಲಿ, ಇಲ್ಲದಿದ್ದರೆ ಬಿಪಿ ಮಾತ್ರೆ ನಿಂತೇ ಹೋಗುತ್ತದೆ.

ವಾರ್ಡ್ ಸಿಸ್ಟರ್:
ಪರೀಕ್ಷೆ ನೆನಪಿಸಲು ವಾಟ್ಸಾಪ್ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜ್ ಎಲ್ಲರಿಗೂ ಕಳಿಸುವುದು) ಸಾಕಾ ಸರ್?

ನೆಫ್ರಾಲಜಿ ವಿಭಾಗ:
ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿರದಿದ್ದರೆ ಬ್ರಾಡ್‌ಕಾಸ್ಟ್ ತಲುಪುವುದೇ ಇಲ್ಲ. ಹಾಸಿಗೆ ಪಕ್ಕದಲ್ಲೇ ಸೇವ್ ಮಾಡಿಸಿ, ಒಂದು ವಾಯ್ಸ್ ಮೆಸೇಜ್ ಕಳಿಸಿ ಕೇಳಿಸುತ್ತಾ ನೋಡಿ. ಕೊಟ್ಟಿರುವ ನಂಬರ್ ಬೆಂಗಳೂರಲ್ಲಿರುವ ಮಗನದ್ದಾಗಿದ್ದರೆ, ಮನೆಯಲ್ಲಿ ಜೊತೆಗಿರುವವರದ್ದೂ ಬರೆದುಕೊಳ್ಳಿ.