ಸಹಾಯ ಬೇಕು: ತಂಗಿ ಡಾಕ್ಟರನ್ನು ಬಿಟ್ಟು ಚಾಟ್‌ಬಾಟ್ ಹಿಡಿದಿದ್ದಾಳೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಆರು ತಿಂಗಳಿಂದ ಆತಂಕ, ಸರಿಯಾಗಿ ನಿದ್ದೆ ಇಲ್ಲ. ಡಾಕ್ಟರ್ ಹತ್ತಿರ ಒಮ್ಮೆ ಹೋಗಿ ಬಂದಳು, ಆಮೇಲೆ ಹೋಗಲಿಲ್ಲ. ಈಗ ಒಂದು ಎಐ ಆ್ಯಪ್ ಹಾಕಿಕೊಂಡಿದ್ದಾಳೆ. ರಾತ್ರಿ ಎರಡು ಗಂಟೆಗೂ ಅದರ ಜೊತೆ ಮಾತು. "ಅದು ನನ್ನನ್ನು ಬೈಯಲ್ಲ ಅಕ್ಕಾ" ಅನ್ನುತ್ತಾಳೆ. ನಾನು ಬೈದಿದ್ದೇನೆ, ಹಾಗಾಗಿ ಸುಮ್ಮನಾದೆ.

ಆ್ಯಪ್ ಪೂರ್ತಿ ಕೆಟ್ಟದ್ದು ಅನ್ನುತ್ತಿಲ್ಲ. ಉಸಿರಾಟದ ಅಭ್ಯಾಸ, ದಿನದ ಮೂಡ್ ಬರೆದಿಡುವುದು ಅವಳಿಗೆ ಹಿಡಿಸಿದೆ. ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ಅಳೆಯುವ 9 ಪ್ರಶ್ನೆಗಳೂ ಇವೆ, ಡಾಕ್ಟರುಗಳೂ ಬಳಸುವಂಥದ್ದೇ. ಕಳೆದ ವಾರ 27ಕ್ಕೆ 16 ಬಂತು. ಅದು ಕಡಿಮೆಯೇನಲ್ಲ. ಆದರೆ ಆ್ಯಪ್ "ನೀವು ಚೆನ್ನಾಗಿ ನಿಭಾಯಿಸುತ್ತಿದ್ದೀರಿ" ಅಂದು ಮುಗಿಸಿತು! ಹೇಳಿದ್ದಕ್ಕೆಲ್ಲ ಹೌದು ಹೌದು ಅನ್ನುವುದೇ ನನಗೆ ಜಾಸ್ತಿ ಭಯ.

1966ರಲ್ಲೇ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಅವರ ಎಲಿಜಾ ಅನ್ನುವ ಪ್ರೋಗ್ರಾಂ ಬಂದಿತ್ತು. ನಾವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು, ಅಷ್ಟೇ. ಅದರ ಮುಂದೆಯೂ ಜನ ಮನಸ್ಸು ಬಿಚ್ಚಿದ್ದರು. ಈಗಿನವು ಇನ್ನೂ ನಯವಾಗಿ ಮಾತಾಡುತ್ತವೆ, ಅಲ್ವಾ?

ಆ್ಯಪ್ ಬಿಡಿಸದೆಯೇ ಅವಳನ್ನು ಮತ್ತೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ? ಆ ಅಂಕ, ಮೂಡ್ ಡೈರಿ ಅವರಿಗೆ ತೋರಿಸಿದರೆ ಉಪಯೋಗವಾಗುತ್ತದೆಯೇ? ಬರೆದ ಚಾಟ್ ಎಲ್ಲ ಎಲ್ಲಿಗೆ ಹೋಗುತ್ತದೆ, ಅಳಿಸಬಹುದೇ? ಕೌನ್ಸೆಲಿಂಗ್ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿಯೇ ಕೇಳಿದ್ದೇನೆ, ಇಲ್ಲ ಅಂದಿದ್ದಾಳೆ.

"ಮೊಬೈಲ್ ಕಿತ್ತುಕೊಳ್ಳಿ" ಅನ್ನುವ ಸಲಹೆ ಮಾತ್ರ ಬೇಡ. ಅದನ್ನು ಮಾಡಿ, ಎರಡು ದಿನ ಅವಳ ಮಾತೇ ಇಲ್ಲದೆ ಕಳೆದಿದ್ದೇನೆ.